ಎದ್ದು ಹೋಗದ ಕಮಲಾದೇವಿ

ಸೀಡರ್ ಪಾರ್ಕಿನಲ್ಲಾಗಲಿ, ಡಲ್ಲಾಸ್, ಹ್ಯೂಸ್ಟನ್ ಕಡೆಯಲ್ಲಾಗಲಿ, ನಾಲ್ಕು ಕನ್ನಡ ಮನೆಯವರು ಒಂದು ಕಡೆ ಸೇರಿದರೆ ಊಟ ಮುಗಿಯುವಷ್ಟರಲ್ಲಿ ಮಾತು ವೀಸಾಕ್ಕೆ ಬಂದು ನಿಲ್ಲುತ್ತೆ. ಎಚ್-1ಬಿಯಲ್ಲಿ ಇರೋರ ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಕೈಯಲ್ಲಿರುತ್ತೆ. ಎಚ್-4ರಲ್ಲಿ ಬಂದ ಹೆಂಡತಿ ಎಷ್ಟೇ ಓದಿರಲಿ, ಪ್ರತ್ಯೇಕ ಪರವಾನಗಿ ಇಲ್ಲದೆ ದುಡಿಯುವ ಹಾಗಿಲ್ಲ. ಸಂಬಳ ಚೆನ್ನಾಗೇ ಬರುತ್ತೆ, ನಿಜ. ಆದರೆ ನಮ್ಮ ಬದುಕಿನ ತೀರ್ಮಾನಗಳಲ್ಲಿ ಎಷ್ಟು ನಮ್ಮ ಕೈಯಲ್ಲಿವೆ? ಪುಸ್ತಕದ ಭಾಷೆಯಲ್ಲಿ ಇದಕ್ಕೆ ಸ್ವಾಯತ್ತತೆ ಅಂತಾರೆ. ಈ ಪದದ ಅರ್ಥ ಏನು ಅಂತ ಯೋಚಿಸುವಾಗೆಲ್ಲ ನನಗೆ ನೆನಪಾಗೋದು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಮನೆತನದಲ್ಲಿ. ತಂದೆ ಅನಂತಯ್ಯ ಧಾರೇಶ್ವರ್ ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದವರು. ಮಗಳಿಗೆ ಏಳು ವರ್ಷ ಆಗುವ ಹೊತ್ತಿಗೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ಸಿಗುತ್ತಿದ್ದದ್ದು ತಿಂಗಳ ಜೀವನಾಂಶ ಮಾತ್ರ. ಆಕೆ ಅದನ್ನೂ ಬೇಡ ಅಂದರು. ತವರಿನಿಂದ ತಂದಿದ್ದರಲ್ಲೇ ಮಗಳನ್ನು ಸಾಕಿದರು. ಹಕ್ಕು ಇಲ್ಲದ ಕಡೆ ಬರೋ ಭತ್ಯೆ ಬೇರೆಯವರ ಮರ್ಜಿಯದ್ದು ಅನ್ನೋದನ್ನ ಕಮಲಾದೇವಿ ಮನೆಯಲ್ಲೇ ಕಂಡು ಬೆಳೆದರು.

ಹದಿನಾಲ್ಕಕ್ಕೆ ಮದುವೆ, ಸ್ವಲ್ಪ ಕಾಲದಲ್ಲೇ ವೈಧವ್ಯ. ಆ ಕಾಲದಲ್ಲಿ ಅಲ್ಲಿಗೆ ಹೆಣ್ಣಿನ ಕಥೆ ಮುಗಿದ ಹಾಗೆ. ಇವರ ಕಥೆ ಮುಗಿಯಲಿಲ್ಲ. ಮದ್ರಾಸಿಗೆ ಓದಲು ಹೋದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರ ಪರಿಚಯವಾಯಿತು. ಜಾತಿ, ಭಾಷೆ ಎರಡೂ ಬೇರೆಯಾಗಿದ್ದರೂ ಅವರನ್ನೇ ಮದುವೆಯಾದರು. ವಿಧವೆಯ ಮರುಮದುವೆಗೆ ಊರೆಲ್ಲ ಮಾತಾಡಿಕೊಂಡಿತು. ಮರ್ಯಾದಸ್ಥ ಮನೆಯ ಹೆಂಗಸರು ಬಣ್ಣ ಹಚ್ಚದ ಆ ದಿನಗಳಲ್ಲಿ ನಾಟಕವಾಡಿದರು, ಮೂಕಿ ಚಿತ್ರದಲ್ಲೂ ನಟಿಸಿದರು. ಮುಂದೆ ಸಂಸಾರ ಹೊಂದಲಿಲ್ಲ. ವಿಚ್ಛೇದನ ಪಡೆದು, ಮಗನನ್ನು ಜೊತೆಗಿಟ್ಟುಕೊಂಡು ತಮ್ಮ ದಾರಿ ಹಿಡಿದರು.

ರಾಜಕಾರಣದಲ್ಲೂ ಅದೇ ನಡಿಗೆ. 1926ರಲ್ಲಿ ಹೆಂಗಸರಿಗೆ ಚುನಾವಣೆಗೆ ನಿಲ್ಲುವ ಅವಕಾಶ ಬಂದ ಕೂಡಲೇ ಮದ್ರಾಸ್ ವಿಧಾನ ಪರಿಷತ್ತಿಗೆ ಸ್ಪರ್ಧಿಸಿದರು. ಸ್ವಲ್ಪದರಲ್ಲಿ ಸೋತರು, ಆದರೆ ಬಾಗಿಲು ತೆರೆಯಿತು. ಹುಬ್ಬಳ್ಳಿಯ ಡಾ. ಹರ್ಡೀಕರ್ ಕಟ್ಟಿದ ಸೇವಾದಳದಲ್ಲಿ ಮಹಿಳೆಯರನ್ನು ಸಂಘಟಿಸಿದರು. 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಜೊತೆಗೆ ಹೆಂಗಸರನ್ನು ಕರೆದುಕೊಂಡಿರಲಿಲ್ಲ. ಕಮಲಾದೇವಿ ಅವರನ್ನೇ ಹೋಗಿ ಕಂಡು ವಾದಿಸಿದರು. ಉಪ್ಪು ಅಡುಗೆಮನೆಯದ್ದು, ಅದರ ಹೋರಾಟದಲ್ಲಿ ಹೆಂಗಸರನ್ನು ಹೊರಗಿಡೋದು ಹ್ಯಾಗೆ? ಗಾಂಧೀಜಿ ಒಪ್ಪಿದರು. ಕಮಲಾದೇವಿ ಮುಂಬಯಿಯಲ್ಲಿ ಉಪ್ಪು ಮಾಡಿ, ಶೇರುಪೇಟೆಗೇ ನುಗ್ಗಿ ಪೊಟ್ಟಣ ಮಾರಿ, ಜೈಲಿಗೆ ಹೋದರು. ದೇಶಕ್ಕೆ ಸ್ವರಾಜ್ಯ, ಮನೆಯೊಳಗೆ ಅಪ್ಪಣೆ ಅನ್ನೋ ಲೆಕ್ಕ ಅವರಿಗೆ ಒಗ್ಗುತ್ತಿರಲಿಲ್ಲ.

ಈಗ ನಮ್ಮ ನೆರೆರಾಜ್ಯದ ಸಂಗತಿಗೆ ಬರ್ತೀನಿ. 1939ರಲ್ಲಿ ಯುರೋಪಿಗೆ ಹೋಗಿದ್ದ ಕಮಲಾದೇವಿ, ಮಹಾಯುದ್ಧ ಶುರುವಾದ ಮೇಲೆ ಅಮೆರಿಕಕ್ಕೆ ಬಂದರು. ಭಾರತದ ಸ್ವಾತಂತ್ರ್ಯದ ಬಗ್ಗೆ ಊರೂರಲ್ಲಿ ಭಾಷಣ ಮಾಡಿದರು, ಕಪ್ಪು ಜನರ ಸಂಘಟನೆಗಳ ನಾಯಕರನ್ನು ಕಂಡರು. 1941ರಲ್ಲಿ ಲೂಯಿಸಿಯಾನದಲ್ಲಿ ರೈಲು ಪ್ರಯಾಣ. ಹ್ಯೂಸ್ಟನ್ನಿನವರು ವಾರಾಂತ್ಯಕ್ಕೆ ನ್ಯೂ ಆರ್ಲಿಯನ್ಸ್‌ಗೆ ಕಾರಲ್ಲಿ ಹೋಗಿ ಬರ್ತಾರಲ್ಲ, ಅದೇ ಲೂಯಿಸಿಯಾನ. ಆಗ ಅಲ್ಲಿ ಬಿಳಿಯರಿಗೆ ಒಂದು ಡಬ್ಬಿ, ಕಪ್ಪು ಜನರಿಗೆ ಇನ್ನೊಂದು. ಟೆಕ್ಸಸ್‌ನಲ್ಲೂ ಅದೇ ಕಾನೂನಿತ್ತು.

ಕಮಲಾದೇವಿ ಕೂತಿದ್ದದ್ದು ಬಿಳಿಯರ ಡಬ್ಬಿಯಲ್ಲಿ. ಟಿಕೆಟ್ ಕಲೆಕ್ಟರ್ ಬಂದು ಎದ್ದು ಹೋಗಲು ಹೇಳಿದ, ಇವರು ಏಳಲಿಲ್ಲ. ಈಕೆ ಇಲ್ಲಿಯವರಲ್ಲ ಅಂತ ಆಮೇಲೆ ಅವನಿಗೆ ಅನುಮಾನ ಬಂತು. ಯಾವ ಊರು ಅಂತ ಕೇಳಿದ. ನ್ಯೂಯಾರ್ಕಿನಿಂದ ಬಂದೆ ಅಂದರು. ಮೂಲ ಯಾವುದು ಅಂತ ಮತ್ತೆ ಕೆದಕಿದ. ಭಾರತದವಳು ಅಂತ ಒಂದು ಮಾತು ಹೇಳಿದ್ದರೆ ವಿದೇಶಿ ಅತಿಥಿ ಅಂತ ರಿಯಾಯಿತಿ ಸಿಗುತ್ತಿತ್ತು. ಕಮಲಾದೇವಿ ಆ ಮಾತು ಹೇಳಲಿಲ್ಲ. ತಾನು ಬಿಳಿಯಳಲ್ಲದ ಹೆಂಗಸು ಅನ್ನೋದು ಕಣ್ಣಿಗೇ ಕಾಣುತ್ತೆ, ಏಳುವ ಉದ್ದೇಶ ಮಾತ್ರ ಇಲ್ಲ ಅಂತ ತಿಳಿಸಿ ಕೂತರು. ಆತ ಗೊಣಗಿಕೊಂಡು ಹೋದ. ಮಾಂಟ್ಗೊಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಏಳದೆ ಕೂತದ್ದು ಇದಾಗಿ 14 ವರ್ಷದ ಮೇಲೆ, 1955ರಲ್ಲಿ.

ಅಂದಿನ ಭಾರತೀಯರ ಸ್ಥಿತಿಯನ್ನೂ ನೆನಪಿಡಬೇಕು. ಭಗತ್ ಸಿಂಗ್ ಥಿಂಡ್ ಅನ್ನೋರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲೇ ಭಾರತೀಯರು ಇಲ್ಲಿಯ ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪು ಕೊಟ್ಟಿತ್ತು. ಆ ಬಾಗಿಲು ತೆರೆದದ್ದು 1946ರಲ್ಲಿ, ಅದೂ ಭಾರತದಿಂದ ವರ್ಷಕ್ಕೆ ಸುಮಾರು 100 ಜನ ವಲಸೆ ಬರಲು ಅವಕಾಶ ಕೊಟ್ಟು. 1965ರ ವಲಸೆ ಕಾನೂನಿನಿಂದ ನಮ್ಮಂಥವರಿಗೆ ದಾರಿ ಅಗಲವಾಯಿತು. ಅದರ ಹಿಂದಿನ ವರ್ಷ ಬಂದ ನಾಗರಿಕ ಹಕ್ಕುಗಳ ಕಾಯ್ದೆ ಕಪ್ಪು ಜನರು ಬೀದಿಗಿಳಿದು ಗಳಿಸಿದ್ದು, ಆ ಹೋರಾಟದ ಬಲದಲ್ಲೇ ಇದೂ ಆದದ್ದು. ರೈಲಿನಲ್ಲಿ ಕಮಲಾದೇವಿ ಯಾರ ಪಕ್ಕ ನಿಂತರೋ, ನಾವು ಇಂದು ಇಲ್ಲಿರೋದು ಅವರ ಋಣದಿಂದ.

ಸ್ವಾತಂತ್ರ್ಯ ಬಂದ ಮೇಲೆ ಕಮಲಾದೇವಿ ಅಧಿಕಾರದ ರಾಜಕಾರಣದಿಂದ ದೂರ ಸರಿದರು. ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ದೆಹಲಿಗೆ ಬಂದ ನಿರಾಶ್ರಿತರಿಗಾಗಿ 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ಫರೀದಾಬಾದಿನಲ್ಲಿ ಹೊಸ ಪಟ್ಟಣ ಏಳುವಾಗ ಮನೆ ಕಟ್ಟುವ ಕೆಲಸ ಕಂಟ್ರಾಕ್ಟರಿಗೆ ಬೇಡ, ನಿರಾಶ್ರಿತರೇ ಸಹಕಾರ ಸಂಘ ಮಾಡಿಕೊಂಡು ಕಟ್ಟಲಿ ಅಂತ ಯೂನಿಯನ್ ಪಟ್ಟು ಹಿಡಿಯಿತು. ಗುಡಾರದಲ್ಲಿದ್ದವರೇ ಗಾರೆ ಕಲಸಿ ತಮ್ಮ ಮನೆ ಕಟ್ಟಿಕೊಂಡರು. ಮುಂದೆ ಇಲಾಖೆಗಳ ಹಿಡಿತ ಬಿಗಿಯಾದ ಹಾಗೆ ಆ ಸಹಕಾರದ ಕಾವು ಇಳಿಯಿತು ಅನ್ನೋದೂ ಸತ್ಯ. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು, ನೇಕಾರ, ಕುಂಬಾರರ ಕಸುಬು ಉಳಿಸಲು ದೇಶ ಸುತ್ತಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ಅವರ ಬದುಕಿನಿಂದ ನಾನು ತಿಳಿದುಕೊಂಡದ್ದು ಇಷ್ಟು. ರಿಯಾಯಿತಿ ಬೇರೆ, ಸ್ವಾಯತ್ತತೆ ಬೇರೆ. ರಿಯಾಯಿತಿ ಕೊಟ್ಟವನು ನಾಳೆ ವಾಪಸ್ ತಗೋಬಹುದು. ನಾವು ಓದಿದವರು, ತೆರಿಗೆ ಕಟ್ಟೋರು, ಸಾಲಲ್ಲಿ ನಿಂತು ಬಂದವರು, ಅವರ ಹಾಗಲ್ಲ ಅಂತ ನಮ್ಮವರೇ ಹೇಳೋದನ್ನ ಎಷ್ಟೋ ಸಲ ಕೇಳಿದೀನಿ. ಆ ‘ಅವರು’ ಯಾರು? ನಮ್ಮ ಹೊಸ ಬಡಾವಣೆಗಳಲ್ಲಿ ಜುಲೈ ಬಿಸಿಲಿಗೆ ಛಾವಣಿ ಹತ್ತಿ ಮೊಳೆ ಹೊಡೆಯೋರು. ಹಾಗೆ ಹೇಳಿಕೊಂಡು ಪಡೆದ ಜಾಗ ಎಷ್ಟು ದಿನ ನಮ್ಮದಾಗಿರುತ್ತೆ?

ಮನೆಯೊಳಗೂ ಈ ಮಾತು ಸಲ್ಲುತ್ತೆ. ಹೆಂಡತಿಗೆ ಪರವಾನಗಿ ಕೊಡೋದು ಬಿಡೋದು ಸರ್ಕಾರದ ಕೈಲಿದೆ. ಆದರೆ ಬ್ಯಾಂಕ್ ಖಾತೆಯಲ್ಲಿ ಇಬ್ಬರ ಹೆಸರು ಹಾಕಿಸೋದು, ಕಾರು ಕಲಿಸೋದು, ಊರಿಗೆ ವಾಪಸ್ ಹೋಗೋದೋ ಇಲ್ಲೇ ಇರೋದೋ ಅಂತ ಇಬ್ಬರೂ ಕೂತು ತೀರ್ಮಾನಿಸೋದು, ಇದಕ್ಕೆಲ್ಲ ಯಾವ ಕಚೇರಿಯ ಅಪ್ಪಣೆಯೂ ಬೇಕಿಲ್ಲ. ಅಷ್ಟನ್ನಾದರೂ ಈ ವರ್ಷ ಮಾಡೋಣ.