ಟೋಪಿ ಹಾಕಿಕೊಂಡು ಹೆಲಿಕಾಪ್ಟರ್ ಹಾರಿಸಿದ ಸಿಕೋರ್ಸ್ಕಿ: ಹಾಗಾದರೆ ಪೈಲಟ್‌ಗೆ ಹೆಲ್ಮೆಟ್ ಬೇಡವೇ?

ಹೊಸಪೇಟೆ, ಸಂಡೂರು, ಬಂಡ್ರಿ ಕಡೆಯವರಿಗೆ ಹಂಪಿ ಉತ್ಸವದ ಹೆಲಿಕಾಪ್ಟರ್ ಹೊಸದಲ್ಲ. ಪ್ರವಾಸಿಗರನ್ನು ಸುತ್ತಾಡಿಸುವ ಇಂಥ ಹಾರಾಟಗಳಲ್ಲಿ ಪೈಲಟ್ ಕಿವಿಗೆ ಸಾಮಾನ್ಯವಾಗಿ ಹೆಡ್‌ಸೆಟ್ ಮಾತ್ರ ಇರುತ್ತದೆ. ಸೇನೆಯ ಪೈಲಟ್‌ಗಳು ಹೆಲ್ಮೆಟ್ ಹಾಕುತ್ತಾರೆ. ಇಬ್ಬರಲ್ಲಿ ಯಾರು ಸರಿ? ಉತ್ತರಕ್ಕಾಗಿ ಇಗೋರ್ ಸಿಕೋರ್ಸ್ಕಿಯ ಬದುಕನ್ನು ನೋಡೋಣ.

ಯಾರಿವರು?

1889ರಲ್ಲಿ ಕೀವ್ ನಗರದಲ್ಲಿ ಹುಟ್ಟಿದ ಸಿಕೋರ್ಸ್ಕಿ, ಬಾಲ್ಯದಲ್ಲೇ ರಬ್ಬರ್ ಬ್ಯಾಂಡ್‌ನಿಂದ ಹಾರುವ ಪುಟ್ಟ ಹೆಲಿಕಾಪ್ಟರ್ ಮಾದರಿ ಮಾಡಿದ್ದರು. 1909–10ರಲ್ಲಿ ಕಟ್ಟಿದ ಎರಡು ದೊಡ್ಡ ಯಂತ್ರಗಳು ಪೈಲಟ್‌ನನ್ನು ಹೊತ್ತು ಮೇಲೇಳಲಿಲ್ಲ. ಆಗ ವಿಮಾನಗಳತ್ತ ತಿರುಗಿ, 1913ರಲ್ಲಿ ನಾಲ್ಕು ಎಂಜಿನ್ನಿನ ವಿಮಾನ ಹಾರಿಸಿದರು. ರಷ್ಯಾ ಕ್ರಾಂತಿಯ ನಂತರ, 1919ರಲ್ಲಿ ಅಮೆರಿಕ ಸೇರಿದರು.

ಹಳೆಯ ಕನಸು ಬಿಡಲಿಲ್ಲ. 1939ರ ಸೆಪ್ಟೆಂಬರ್ 14ರಂದು, 50ನೇ ವಯಸ್ಸಿನಲ್ಲಿ, ತಮ್ಮ ವಿಎಸ್-300 ಹೆಲಿಕಾಪ್ಟರನ್ನು ತಾವೇ ಮೇಲೆತ್ತಿದರು. ತಲೆಯ ಮೇಲಿದ್ದದ್ದು ಬಟ್ಟೆಯ ಫೆಡೋರಾ ಟೋಪಿ! ಆದರೆ ಒಂದು ವಿಷಯ ಗಮನಿಸಿ: ಯಂತ್ರವನ್ನು ನೆಲಕ್ಕೆ ಕಟ್ಟಲಾಗಿತ್ತು, ಅದು ಎದ್ದದ್ದು ಸ್ವಲ್ಪವೇ ಎತ್ತರ.

1944ರಲ್ಲಿ ಅವರ ಆರ್-4 ಹೆಲಿಕಾಪ್ಟರ್ ಬರ್ಮಾ ಕಾಡಿನಲ್ಲಿ ಸಿಲುಕಿದ್ದ ಸೈನಿಕರನ್ನು ಒಬ್ಬೊಬ್ಬರಾಗಿ ಹೊತ್ತು ತಂದಿತು. 1954ರಲ್ಲಿ ಭಾರತೀಯ ವಾಯುಪಡೆಗೆ ಬಂದ ಮೊದಲ ಹೆಲಿಕಾಪ್ಟರ್ ಕೂಡ ಸಿಕೋರ್ಸ್ಕಿ ಎಸ್-55. ಜೀವ ಉಳಿಸುವ ಯಂತ್ರ ಎಂಬುದೇ ಅವರಿಗೆ ದೊಡ್ಡ ಹೆಮ್ಮೆ. 1972ರಲ್ಲಿ ತೀರಿಕೊಂಡರು.

ಹಾಗಾದರೆ ಹೆಲ್ಮೆಟ್?

ಹೆಲಿಕಾಪ್ಟರ್ ಬಿದ್ದರೆ ಎಲ್ಲರೂ ಸಾಯುತ್ತಾರೆ, ಹೆಲ್ಮೆಟ್‌ನಿಂದ ಏನು ಪ್ರಯೋಜನ ಎನ್ನುವುದು ತಪ್ಪು. ಬದುಕುಳಿಯಬಹುದಾದ ಅಪಘಾತಗಳು ಬಹಳಷ್ಟಿವೆ. ಅಂಥ ಹೊತ್ತಿನಲ್ಲಿ ಬೆಲ್ಟ್ ದೇಹವನ್ನು ಹಿಡಿದಿಡುತ್ತದೆ, ತಲೆ ಮಾತ್ರ ಬಾಗಿಲ ಚೌಕಟ್ಟಿಗೋ ಮುಂದಿನ ಫಲಕಕ್ಕೋ ಬಡಿಯುತ್ತದೆ. ಹೆಲ್ಮೆಟ್ ಒಳಗಿನ ಫೋಮ್ ನಜ್ಜುಗುಜ್ಜಾಗಿ ಆ ಪೆಟ್ಟನ್ನು ತಾನು ತಿನ್ನುತ್ತದೆ. ಹೆಲ್ಮೆಟ್ ಇಲ್ಲದವರಿಗೆ ತಲೆಗೆ ಮಾರಣಾಂತಿಕ ಗಾಯವಾಗುವ ಅಪಾಯ ಸುಮಾರು 6 ಪಟ್ಟು ಹೆಚ್ಚು ಎಂದು 1991ರಲ್ಲಿ ಪ್ರಕಟವಾದ ಅಮೆರಿಕ ಸೇನೆಯ ಅಧ್ಯಯನ ಕಂಡುಕೊಂಡಿತು. ಹಕ್ಕಿ ಗಾಜು ಒಡೆದು ಒಳಬಂದರೆ ಹೆಲ್ಮೆಟ್ಟಿನ ಮುಖಗಾಜು ಕಣ್ಣು ಕಾಯುತ್ತದೆ.

ಹೆಡ್‌ಸೆಟ್ ಸದ್ದು ತಗ್ಗಿಸುತ್ತದೆ, ಮಾತು ಕೇಳಿಸುತ್ತದೆ, ಅಷ್ಟೇ. ಹೆಲ್ಮೆಟ್‌ಗೂ ತೊಂದರೆ ಇದೆ: ಭಾರ ಕತ್ತಿನ ಮೇಲೆ ಬೀಳುತ್ತದೆ, ಸೆಕೆಯಾಗುತ್ತದೆ. ಬೈಕ್ ಹೆಲ್ಮೆಟ್ ಇದಕ್ಕೆ ಬದಲಿಯಲ್ಲ.

ಕೊನೆಗೆ ತಿಳಿಯಬೇಕಾದದ್ದು: ಸಿಕೋರ್ಸ್ಕಿಯ ಟೋಪಿ ಫೋಟೋ ನಿಜ, ಆದರೆ ಅದು ಸುರಕ್ಷತೆಗೆ ಸಾಕ್ಷಿಯಲ್ಲ. ಕಾಡು, ಕಣಿವೆ, ರಕ್ಷಣಾ ಕೆಲಸಗಳಲ್ಲಿ ಹಾರುವ ಪೈಲಟ್‌ಗೆ ಹೆಲ್ಮೆಟ್ ಬೇಕೇ ಬೇಕು. ಆ ಫೋಟೋ ಫಾರ್ವರ್ಡ್ ಮಾಡುವಾಗ ಈ ಮಾತನ್ನೂ ಜೊತೆಗೆ ಕಳಿಸಿ.