ಅಬ್ಬೆ ದುಬಾಯ್

ಮೈಸೂರು ನಗರದ ಮಂಡಿ ಮೊಹಲ್ಲಾದಿಂದ ಅಶೋಕ ರಸ್ತೆಯ ಕಡೆಗೆ ನಡೆದು ಬಂದರೆ ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರಗಳು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಈ ಭವ್ಯ ಮಂದಿರಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟರು. ಮೈಸೂರು ಸೀಮೆಯ ಕ್ರೈಸ್ತ ಸಮುದಾಯದ ಚರಿತ್ರೆಯಾದರೋ ಇದಕ್ಕಿಂತ ಬಹಳ ಹಿಂದಿನದು. ಆ ಸಮುದಾಯವು ಚದುರಿಹೋಗಿ ದಿಕ್ಕುಗಾಣದೆ ನಿಂತಿದ್ದಾಗ ಅದರ ಹೊಣೆಯನ್ನು ಹೊತ್ತವರು ಫ್ರಾನ್ಸ್ ದೇಶದ ಒಬ್ಬ ಪಾದ್ರಿಗಳು. ಅವರ ಹೆಸರು ಝಾನ್ ಆಂತ್ವಾನ್ ದುಬಾಯ್. ಅಬ್ಬೆ ದುಬಾಯ್ ಎಂದೇ ಅವರು ಪ್ರಸಿದ್ಧರು. ಫ್ರೆಂಚ್ ಭಾಷೆಯಲ್ಲಿ ಪಾದ್ರಿಯನ್ನು ಸಂಬೋಧಿಸುವ ಗೌರವದ ಪದ ಅಬ್ಬೆ. ಕನ್ನಡದಲ್ಲಿ ಆ ಪದಕ್ಕೆ ತಾಯಿ ಎಂಬ ಅರ್ಥವಿರುವುದು ಒಂದು ಸೊಗಸಾದ ಆಕಸ್ಮಿಕ. ಈ ಸೀಮೆಯ ಜನರಿಗೆ ಮಾತ್ರ ಅವರು ದೊಡ್ಡಸ್ವಾಮಿಯವರಾಗಿದ್ದರು.

ದುಬಾಯ್ ಅವರು ದಕ್ಷಿಣ ಫ್ರಾನ್ಸಿನ ಆರ್ದೇಶ್ ಪ್ರಾಂತದವರು. 1792ರಲ್ಲಿ ಪಾದ್ರಿ ದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಂಘದ ವತಿಯಿಂದ ಅದೇ ವರ್ಷ ಭಾರತಕ್ಕೆ ಹೊರಟರು. ಆಗ ಅವರ ತಾಯ್ನಾಡು ಮಹಾಕ್ರಾಂತಿಯ ಉರಿಯಲ್ಲಿ ಬೇಯುತ್ತಿತ್ತು. ಪುದುಚೇರಿಯ ಮಿಷನ್ನಿಗೆ ಸೇರಿದ ಅವರು ಮೊದಲ ಕೆಲವು ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದರು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಅವರಿಗೆ ಮೈಸೂರಿಗೆ ಹೋಗಬೇಕೆಂಬ ಕರೆ ಬಂದಿತು.

ಮೈಸೂರಿನಲ್ಲಿ ಅವರು ಕೈಗೊಳ್ಳಬೇಕಾಗಿದ್ದ ಕಾರ್ಯ ಸುಲಭವಾದುದಾಗಿರಲಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕರೆತರಲಾಗಿತ್ತು. ಅನೇಕರು ಬಲವಂತದಿಂದ ಮತಾಂತರಗೊಂಡಿದ್ದರು. ದೊರೆ ಮಡಿದ ಮೇಲೆ ಅವರಲ್ಲಿ ಹಲವರು ತಮ್ಮ ಹಳೆಯ ಧರ್ಮಕ್ಕೆ ಮರಳಲು ಬಯಸಿದರು. ಒಡೆದ ಮನೆಗಳನ್ನೂ ಒಡೆದ ಮನಸ್ಸುಗಳನ್ನೂ ಒಟ್ಟುಗೂಡಿಸುವ ಕೆಲಸ ದುಬಾಯ್ ಅವರ ಪಾಲಿಗೆ ಬಂದಿತು.

ಅವರು ತಮ್ಮ ಬಾಳನ್ನೇ ಈ ನಾಡಿನ ಬಾಳಿಗೆ ಹೊಂದಿಸಿಕೊಂಡರು. ನೀಳವಾದ ಬಿಳಿಯ ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲೊಂದು ಕೋಲು, ಇವೇ ಅವರ ವೇಷವಾದವು. ಥಾಮಸ್ ಹಿಕಿ ಎಂಬ ಚಿತ್ರಕಾರನು ರಚಿಸಿದ ಅವರ ಭಾವಚಿತ್ರದಲ್ಲಿ ಅವರನ್ನು ಇದೇ ಉಡುಪಿನಲ್ಲಿ ಕಾಣಬಹುದು. ಮಾಂಸಾಹಾರವನ್ನು ತೊರೆದರು, ಐರೋಪ್ಯರ ಸಹವಾಸದಿಂದ ಆದಷ್ಟು ದೂರವಿದ್ದರು, ಜನರ ಭಾಷೆಗಳನ್ನು ಕಲಿತು ಅವರ ಜಗಲಿಗಳ ಮೇಲೆ ಕುಳಿತು ಮಾತನಾಡಿದರು. ನೆಲೆಯಿಲ್ಲದ ಬಡ ಕ್ರೈಸ್ತರಿಗಾಗಿ ಬೇಸಾಯದ ವಸತಿಗಳನ್ನು ಸ್ಥಾಪಿಸಿದರು. ಹಾಸನದ ಸಮೀಪದಲ್ಲಿಯೂ ಅಂತಹ ಒಂದು ವಸತಿ ಬೆಳೆಯಿತು. ಸಿಡುಬಿನ ರೋಗವು ಊರೂರನ್ನೇ ಬರಿದು ಮಾಡುತ್ತಿದ್ದ ಕಾಲ ಅದು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನು 1798ರಲ್ಲಿ ಪ್ರಕಟಿಸಿದ ದೇವಿ ಹಾಕುವ ವಿಧಾನವು 1802ರಲ್ಲಿ ಭಾರತವನ್ನು ಮುಟ್ಟಿತು. ಸಿಡುಬನ್ನು ಅಮ್ಮನ ಮುನಿಸೆಂದು ಭಾವಿಸಿದ್ದ ಜನ ಹೊಸ ಚಿಕಿತ್ಸೆಗೆ ತೋಳೊಡ್ಡಲು ಅಂಜುತ್ತಿದ್ದರು. ದುಬಾಯ್ ಅವರು ಅಂತಹವರನ್ನು ಒಪ್ಪಿಸಿ, ಮೈಸೂರು ಸೀಮೆಯಲ್ಲಿ ದೇವಿ ಹಾಕಿಸುವ ಕಾರ್ಯಕ್ಕೆ ಬಹುವಾಗಿ ಶ್ರಮಿಸಿದರು.

ಹೀಗೆ ವರ್ಷಗಳು ಉರುಳಿದವು. ಧರ್ಮಪ್ರಚಾರಕ್ಕೆಂದು ದೂರದೇಶಗಳಿಗೆ ಹೋದವರು ತಮ್ಮ ಕೆಲಸದ ವರದಿಗಳನ್ನು ತಾಯ್ನಾಡಿಗೆ ಕಳುಹಿಸುವುದು ವಾಡಿಕೆ. ಆ ವರದಿಗಳಲ್ಲಿ ಸೋಲಿಗಿಂತ ಗೆಲವಿನ ಸುದ್ದಿಯೇ ಹೆಚ್ಚಾಗಿರುವುದೂ ಸಹಜ. ಹಣ ಕೊಡುವವರು ಅದನ್ನೇ ಕೇಳಲು ಬಯಸುತ್ತಾರೆ. ಬರೆಯುವವನ ಮನಸ್ಸಿಗೂ ಅದರಿಂದ ಸಮಾಧಾನ. ದುಬಾಯ್ ಅವರು ಆ ಸಮಾಧಾನವನ್ನು ಬೇಡವೆಂದರು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದಲ್ಲಿನ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳ ಗ್ರಂಥದಲ್ಲಿ, ಇದ್ದುದನ್ನು ಇದ್ದಂತೆಯೇ ಹೇಳಿಬಿಟ್ಟರು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ಒಬ್ಬ ದೇಶೀಯ ಪಾದ್ರಿಯ ನೆರವಿದ್ದೂ, ತಾವು ಹೊಸದಾಗಿ ಧರ್ಮಕ್ಕೆ ತಂದವರು ಒಟ್ಟಿನಲ್ಲಿ ಇನ್ನೂರು ಮುನ್ನೂರು ಮಂದಿ ಮಾತ್ರ. ಅವರಲ್ಲಿಯೂ ಬಹುಮಂದಿ ಬಂದದ್ದು ಮದುವೆಯ ಸಂಬಂಧಕ್ಕೋ ಬೇರೊಂದು ಆಸರೆಗೋ ಹೊರತು ಅಂತರಂಗದ ನಂಬಿಕೆಯಿಂದಲ್ಲ ಎಂದು ಅವರು ಒಪ್ಪಿಕೊಂಡರು. ಅಂದಿನ ಪರಿಸ್ಥಿತಿಯಲ್ಲಿ ಹಿಂದೂಗಳನ್ನು ಮತಾಂತರಗೊಳಿಸುವುದು ಮನುಷ್ಯ ಪ್ರಯತ್ನಕ್ಕೆ ಮೀರಿದ್ದೆಂದು ಸಾರಿದರು. ಈ ದೇಶದ ಜನರ ದೃಷ್ಟಿಯಲ್ಲಿ ಕ್ರೈಸ್ತಧರ್ಮದ ಹೆಸರು ಕೆಡಲು ಇಲ್ಲಿ ನೆಲಸಿದ್ದ ಐರೋಪ್ಯರ ದುರ್ನಡತೆಯೂ ಒಂದು ಕಾರಣವೆಂದು ತೋರಿಸುವುದಕ್ಕೂ ಅವರು ಹಿಂಜರಿಯಲಿಲ್ಲ.

ಯೌವನವನ್ನೂ ಆರೋಗ್ಯವನ್ನೂ ಯಾವ ಕಾರ್ಯಕ್ಕಾಗಿ ಧಾರೆಯೆರೆದಿದ್ದರೋ ಆ ಕಾರ್ಯವೇ ಫಲಿಸಲಿಲ್ಲವೆಂದು ಮುದ್ರಿಸಿ ಸಾರುವುದಕ್ಕೆ ಎಂತಹ ಎದೆಗಾರಿಕೆ ಬೇಕೆಂಬುದನ್ನು ಊಹಿಸಬಹುದು. ಅವರ ಶ್ರದ್ಧೆಯೇನೂ ಕುಂದಿರಲಿಲ್ಲ. ಸುಳ್ಳಿನ ಆಸರೆಯಿಂದ ದೇವರ ಕೆಲಸ ನಡೆಯಬೇಕಾಗಿಲ್ಲವೆಂಬ ಭಾವನೆಯಿಂದಲೇ ಅವರು ಹಾಗೆ ಬರೆದಂತಿದೆ. ಆ ಗ್ರಂಥವು ದೊಡ್ಡ ಕೋಲಾಹಲವನ್ನೆಬ್ಬಿಸಿತು. ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟೆಂಟ್ ಪಾದ್ರಿಗಳು ಮರುವರ್ಷವೇ ಖಂಡನ ಗ್ರಂಥಗಳನ್ನು ಹೊರತಂದರು. ಅವರ ಆಕ್ಷೇಪಗಳೆಲ್ಲವೂ ನಿರಾಧಾರವೆನ್ನುವಂತಿಲ್ಲ. ದುಬಾಯ್ ಅವರು ತಮ್ಮ ಅನುಭವವನ್ನೇ ಇಡೀ ದೇಶದ ಅಳತೆಗೋಲಾಗಿ ಮಾಡಿಕೊಂಡಿದ್ದರು. ಬಡವನೊಬ್ಬನು ಅನ್ನವನ್ನೂ ಮನುಷ್ಯ ಮರ್ಯಾದೆಯನ್ನೂ ಅರಸಿ ಚರ್ಚಿನ ಬಾಗಿಲಿಗೆ ಬಂದರೆ ಅವನ ಅರಕೆಯೂ ಸಾಚಾ ಆಗಿರಬಹುದೆಂಬುದು ಅವರಿಗೆ ಹೊಳೆಯಲಿಲ್ಲ. ಹಿಂದೂ ಸಮಾಜದ ವಿಷಯದಲ್ಲಿಯೂ ಅವರ ತೀರ್ಪುಗಳು ಹಲವೆಡೆ ಕಠೋರವಾಗಿವೆ. ಆದರೆ ತಮ್ಮ ಸೋಲನ್ನು ಅವರು ಬಚ್ಚಿಡಲಿಲ್ಲ.

ದುಬಾಯ್ ಅವರ ಕೀರ್ತಿಯು ಹೆಚ್ಚಾಗಿ ನಿಂತಿರುವುದು ಬೇರೊಂದು ಗ್ರಂಥದ ಮೇಲೆ. ಹಿಂದೂಗಳ ಆಚಾರ ವ್ಯವಹಾರಗಳನ್ನು ವಿವರಿಸುವ ಅವರ ಹಸ್ತಪ್ರತಿಯನ್ನು ಮೈಸೂರಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಮೆಚ್ಚಿಕೊಂಡರು. ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವಿಲಿಯಂ ಬೆಂಟಿಂಕ್ ಅದನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಕೊಂಡರು. 1816ರಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. ನೂರು ವರ್ಷಗಳಿಗೂ ಮೀರಿ ವಿದ್ವಾಂಸರು ಅದನ್ನು ಕಣ್ಣಾರೆ ಕಂಡವರ ಸಾಕ್ಷ್ಯವೆಂದು ಓದಿದರು.

1987ರಲ್ಲಿ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ ಬೇರೆಯೇ ಒಂದು ಸಂಗತಿಯನ್ನು ಬೆಳಕಿಗೆ ತಂದರು. ದುಬಾಯ್ ಅವರಿಗಿಂತ ಮೊದಲು ಪುದುಚೇರಿಯಲ್ಲಿ ನೆಲಸಿದ್ದ ಕೇರ್ದು ಎಂಬ ಜೆಸುಯಿಟ್ ಪಾದ್ರಿಯ ಬರಹವೇ ಆ ಗ್ರಂಥದ ಬಹುಭಾಗಕ್ಕೆ ಆಧಾರವೆಂದು ಅವರು ಪ್ರತಿಗಳನ್ನು ಹೋಲಿಸಿ ತೋರಿಸಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಬಾಂಧವ್ಯವನ್ನು ಬಹು ಹಿಂದೆಯೇ ಗುರುತಿಸಿದ್ದ ಮಹಾವಿದ್ವಾಂಸರು ಕೇರ್ದು. ಅವರು 1779ರಲ್ಲಿ ತೀರಿಕೊಂಡಿದ್ದರು. ಅವರ ಋಣವನ್ನು ದುಬಾಯ್ ಅವರು ಎಲ್ಲಿಯೂ ಸ್ಮರಿಸಲಿಲ್ಲ. ಹಳೆಯ ಬರಹಗಳನ್ನು ಹೀಗೆ ಹೆಸರು ಹೇಳದೆ ಬಳಸಿಕೊಳ್ಳುವುದು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲವೆಂಬುದು ನಿಜ. ಆದರೂ ಇದು ಲೋಪವೇ. ತಮ್ಮ ಸೋಲಿನ ಲೆಕ್ಕವನ್ನು ಅಷ್ಟು ನಿಷ್ಠುರವಾಗಿ ಒಪ್ಪಿಸಿದವರು ಈ ಒಂದು ಲೆಕ್ಕವನ್ನು ಮಾತ್ರ ಒಪ್ಪಿಸಲಿಲ್ಲ. ಅಂತರಂಗದ ಸತ್ಯವು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಆಸ್ತಿಯಲ್ಲ. ಒಬ್ಬರೇ ಮನುಷ್ಯರು ಒಂದೆಡೆ ಅದನ್ನು ಉಳಿಸಿಕೊಂಡು ಇನ್ನೊಂದೆಡೆ ಎಡವಬಹುದು.

1823ರ ಜನವರಿ 15ರಂದು ದುಬಾಯ್ ಅವರು ಭಾರತವನ್ನು ಬಿಟ್ಟು ಹೊರಟರು. ಅವರ ಸೇವೆಯನ್ನು ಮನ್ನಿಸಿ ಕಂಪನಿಯು ವಿಶ್ರಾಂತಿ ವೇತನವನ್ನು ಗೊತ್ತುಮಾಡಿತ್ತು. ಮೂವತ್ತು ವರ್ಷಗಳ ಹಿಂದೆ ತರುಣರಾಗಿ ಬಿಟ್ಟ ಫ್ರಾನ್ಸಿಗೆ ಅವರು ಮುದುಕರಾಗಿ ಹಿಂತಿರುಗಿದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. ಮತಾಂತರದ ಪ್ರಯತ್ನ ವ್ಯರ್ಥವೆಂದು ಬರೆದ ಈ ವೃದ್ಧರನ್ನು ಅವರ ಸಂಘವು ಹೊರಗೆ ದೂಡಲಿಲ್ಲ. ಏಷ್ಯಾಖಂಡಕ್ಕೆ ಹೋಗಲಿದ್ದ ತರುಣ ಪಾದ್ರಿಗಳನ್ನು ಸಿದ್ಧಗೊಳಿಸುವ ಪ್ಯಾರಿಸ್ಸಿನ ಗುರುಮಠದಲ್ಲಿ ಅವರಿಗೆ ಸ್ಥಾನ ದೊರೆಯಿತು. 1836ರಿಂದ 1839ರವರೆಗೆ ಅವರೇ ಅದರ ಮುಖ್ಯಸ್ಥರಾಗಿದ್ದರು. ತಮ್ಮ ಮುಂದೆ ಕುಳಿತ ಆ ಉತ್ಸಾಹಿ ತರುಣರಿಗೆ ಅವರು ಎಂತಹ ಮಾತುಗಳನ್ನು ಹೇಳಿ ಕಳುಹಿಸಿಕೊಟ್ಟಿರಬಹುದೆಂದು ಊಹಿಸುವುದು ಕುತೂಹಲಕರ.

ಅವರು ಮತ್ತೆ ಮೈಸೂರನ್ನು ನೋಡಲಿಲ್ಲ. 1848ರ ಫೆಬ್ರವರಿ 17ರಂದು ಎಂಬತ್ತು ದಾಟಿದ್ದ ದೊಡ್ಡಸ್ವಾಮಿಯವರು ಪ್ಯಾರಿಸ್ಸಿನಲ್ಲಿ ಕಣ್ಮುಚ್ಚಿದರು. ಅದಾದ ಐದು ದಿನಗಳಿಗೆ ಆ ನಗರದ ಬೀದಿಗಳಲ್ಲಿ ಇನ್ನೊಂದು ಕ್ರಾಂತಿ ಆರಂಭವಾಯಿತು.