ಗಿಡಕ್ಕೂ ಹೃದಯವಿದೆಯೇ? ಜಗದೀಶ ಚಂದ್ರ ಬೋಸ್ ಗೆದ್ದಿದ್ದೆಲ್ಲಿ, ಎಡವಿದ್ದೆಲ್ಲಿ

ಗಿಡಮರಗಳಿಗೂ ನಮ್ಮಂತೆ ಮಿಡಿಯುವ ಹೃದಯವಿದೆ, ಅದೇ ನೀರನ್ನು ಮೇಲಕ್ಕೆ ಪಂಪ್ ಮಾಡುತ್ತದೆ, ಇದನ್ನು ನಮ್ಮ ಜಗದೀಶ ಚಂದ್ರ ಬೋಸ್ ಅವರೇ ಸಾಬೀತು ಮಾಡಿದ್ದಾರೆ. ಇಂಥದ್ದೊಂದು ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಬೋಸ್ ಹಾಗೆ ನಂಬಿದ್ದರು ಎನ್ನುವುದು ನಿಜ. ಅದು ಸಾಬೀತಾಗಿದೆ ಎನ್ನುವುದು ಮಾತ್ರ ನಿಜವಲ್ಲ.

ಪ್ರಶ್ನೆಯೇನೂ ಚಿಕ್ಕದಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನೀರನ್ನು ತರೀಕೆರೆ ತಾಲ್ಲೂಕಿನಲ್ಲಿ ಭಾರಿ ಮೋಟಾರುಗಳಿಂದ ಮೇಲೆತ್ತಿ, ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗದ ಕಡೆ ಹರಿಸಬೇಕು. ಅದೇ ಸೀಮೆಯ ತೋಟದಲ್ಲಿ 20 ಮೀಟರ್ ಎತ್ತರದ ತೆಂಗಿನ ಮರ ಕರೆಂಟಿಲ್ಲದೆ, ಸದ್ದಿಲ್ಲದೆ ಗರಿಯ ತುದಿಗೆ ನೀರು ಮುಟ್ಟಿಸುತ್ತದೆ. ಬೋಸ್ ಅವರನ್ನು ಕಾಡಿದ್ದೂ ಇದೇ ಒಗಟು.

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶದಲ್ಲಿರುವ ಭಾಗದಲ್ಲಿ. ತಂದೆ ಸರ್ಕಾರಿ ಅಧಿಕಾರಿಯಾಗಿದ್ದರೂ ಮಗನನ್ನು ಮೊದಲು ಸೇರಿಸಿದ್ದು ಬಂಗಾಳಿ ಶಾಲೆಗೆ. ಕೇಂಬ್ರಿಡ್ಜ್‌ನಲ್ಲಿ ಓದಿ ಬಂದ ಅವರು 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಸೇರಿದರು. ಅದೇ ಕೆಲಸಕ್ಕೆ ಯುರೋಪಿನವರಿಗಿಂತ ಕಡಿಮೆ ಸಂಬಳ ಕೊಟ್ಟಾಗ, ಮೂರು ವರ್ಷ ಸಂಬಳ ಮುಟ್ಟದೆಯೇ ಪಾಠ ಮಾಡಿದರು. ಕೊನೆಗೆ ಸರ್ಕಾರವೇ ಮಣಿದು ಪೂರ್ತಿ ಬಾಕಿ ಕೊಟ್ಟಿತು.

ಮೊದಲು ರೇಡಿಯೋ ಅಲೆಗಳ ಸಂಶೋಧನೆಯಲ್ಲಿ ಹೆಸರು ಮಾಡಿದ ಅವರು ಆಮೇಲೆ ಗಿಡಗಳ ಕಡೆ ತಿರುಗಿದರು. ಗಿಡದ ಅತಿ ಸಣ್ಣ ಬೆಳವಣಿಗೆಯನ್ನೂ ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರ ಕಟ್ಟಿದರು. ಮುಟ್ಟಿದರೆ ಮುನಿ ಗಿಡದೊಳಗೆ ವಿದ್ಯುತ್ ಸಂಕೇತ ಹರಿಯುತ್ತದೆ ಎಂದು ತೋರಿಸಿದರು. ಅದು ಇಂದಿಗೂ ನಿಂತಿರುವ ಸತ್ಯ. 1917ರಲ್ಲಿ ಕಲ್ಕತ್ತೆಯಲ್ಲಿ ಬೋಸ್ ಸಂಸ್ಥೆ ಕಟ್ಟಿದರು. 1920ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಮಾಡಿಕೊಂಡಿತು.

ಎಡವಿದ್ದು ಇದರ ನಂತರ. ಕಾಂಡದೊಳಗೆ ವಿದ್ಯುತ್ ಕಡ್ಡಿ ಚುಚ್ಚಿ ಅಳೆದಾಗ ಅವರಿಗೆ ಮಿಡಿತದಂಥ ಏರಿಳಿತ ಕಂಡಿತು. ತೊಗಟೆಯ ಒಳಪದರದ ಜೀವಕೋಶಗಳು ಕುಗ್ಗಿ ಹಿಗ್ಗಿ ನೀರನ್ನು ಮೇಲಕ್ಕೆ ನೂಕುತ್ತವೆ ಎಂದು 1923ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆದರೆ ಅದಕ್ಕೂ ಮೊದಲೇ, 1890ರ ದಶಕದ ಆರಂಭದಲ್ಲಿ, ಜರ್ಮನಿಯ ಸ್ಟ್ರಾಸ್‌ಬರ್ಗರ್ ಎತ್ತರದ ಮರವನ್ನು ಬುಡದಲ್ಲಿ ಕತ್ತರಿಸಿ ವಿಷದ ದ್ರಾವಣದಲ್ಲಿ ನಿಲ್ಲಿಸಿದ್ದರು. ಕಾಂಡದ ಜೀವಕೋಶಗಳು ಸತ್ತರೂ ದ್ರಾವಣ ಮೇಲೇರುತ್ತಲೇ ಇತ್ತು. ನೀರೆತ್ತುವುದು ಮಿಡಿಯುವ ಕೋಶಗಳೇ ಆಗಿದ್ದರೆ ಅವು ಸತ್ತಾಗ ನೀರು ನಿಲ್ಲಬೇಕಿತ್ತಲ್ಲವೇ?

ಹಾಗಾದರೆ ಎತ್ತುವುದು ಯಾರು? 1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಕೊಟ್ಟ ಉತ್ತರವನ್ನೇ ಇಂದು ಬಹುಪಾಲು ವಿಜ್ಞಾನಿಗಳು ಒಪ್ಪುತ್ತಾರೆ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತದೆ. ನೀರಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುವುದರಿಂದ, ಮೇಲಿನದು ಹೋದಾಗ ಕೆಳಗಿನದನ್ನು ಎಳೆದುಕೊಳ್ಳುತ್ತದೆ. ಕ್ಸೈಲಂ ಎಂಬ ಸಣ್ಣ ನಳಿಕೆಗಳಲ್ಲಿ ಈ ಸರಪಳಿ ಬೇರಿನವರೆಗೂ ಇಳಿದಿರುತ್ತದೆ. ಮಣ್ಣಿನ ಲವಣಾಂಶವೂ ಇದರ ಜೊತೆಗೇ ಏರುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಕಾಯಿಗೆ, ಬೇರಿಗೆ ಹೋಗುವುದು ಫ್ಲೋಯಂ ಎಂಬ ಬೇರೆ ದಾರಿಯಲ್ಲಿ. ಅಂದರೆ ಮರದ ಮೋಟಾರು ಇರುವುದು ಕಾಂಡದಲ್ಲಲ್ಲ. ಅದಕ್ಕೆ ಕರೆಂಟು ಬಿಸಿಲೇ.

ಬಾವಿಯ ದಡದಲ್ಲಿಟ್ಟ ಮೋಟಾರು ಲೆಕ್ಕದ ಪ್ರಕಾರವೂ ಸುಮಾರು 10 ಮೀಟರಿಗಿಂತ ಆಳದ ನೀರನ್ನು ಎಳೆಯಲಾರದು. ಅದಕ್ಕೇ ಕೊಳವೆಬಾವಿಗೆ ಸಬ್‌ಮರ್ಸಿಬಲ್ ಇಳಿಸುತ್ತೇವೆ. ಮರ ಆ ಮಿತಿ ದಾಟುವುದು ಈ ಕಡಿಯದ ಸರಪಳಿಯಿಂದ. ಕಡೂರಿನ ಕಡೆ ಕಪ್ಪು ತಲೆ ಹುಳಕ್ಕೆ ತೆಂಗಿನ ಬೇರನ್ನು ಓರೆಯಾಗಿ ಕತ್ತರಿಸಿ ಔಷಧದ ಪೊಟ್ಟಣ ಕಟ್ಟಿದವರಿಗೆ ಇದು ಗೊತ್ತು: ಪಂಪಿಲ್ಲದೆಯೇ ಬೇರು ಔಷಧ ಹೀರಿ ಗರಿಗೆ ಕಳಿಸುತ್ತದೆ. ಆ ನೀರು ಕಾಯಿಗೂ ಹೋಗುವುದರಿಂದ, ತೋಟಗಾರಿಕೆ ಇಲಾಖೆ ಹೇಳಿದ ಔಷಧವನ್ನೇ ಹಾಕಿ, ಹೇಳಿದಷ್ಟು ದಿನ ಕಾಯಿ ಕೀಳಬೇಡಿ.

ಬರಗಾಲದಲ್ಲಿ ಅಪಾಯವಿರುವುದೂ ಇಲ್ಲೇ. ಮಣ್ಣಿನಲ್ಲಿ ನೀರಿಲ್ಲದೆ ಬಿಸಿಲು ಎಳೆಯುತ್ತಲೇ ಇದ್ದರೆ ನಳಿಕೆಯೊಳಗೆ ಗಾಳಿಗುಳ್ಳೆ ಸೇರಿ ಸರಪಳಿ ಕಡಿದುಹೋಗುತ್ತದೆ. ತೇಗ, ಹಲಸು ವರ್ಷವರ್ಷವೂ ಕಾಂಡದಲ್ಲಿ ಹೊಸ ನಳಿಕೆ ಬೆಳೆಸುತ್ತವೆ. ತೆಂಗು, ಅಡಿಕೆಗೆ ಆ ಭಾಗ್ಯವಿಲ್ಲ, ಕಾಂಡಕ್ಕೆ ಕೊರೆದ ತೂತೂ ಮತ್ತೆ ಮುಚ್ಚಿಕೊಳ್ಳದು. ಹಾಗಾಗಿ ಬುಡಕ್ಕೆ ಸೋಗೆ, ಮಟ್ಟೆ ಹೊದಿಸಿ ತೇವ ಉಳಿಸುವುದು ದೊಡ್ಡ ಉಪಕಾರ.

ಬೋಸ್ ತೀರಿಕೊಂಡಿದ್ದು 1937ರ ನವೆಂಬರ್ 23ರಂದು. ಒಂದು ಸಿದ್ಧಾಂತ ತಪ್ಪಿತೆಂದು ಅವರು ಸಣ್ಣವರಾಗುವುದಿಲ್ಲ. ದೊಡ್ಡವರು ಹೇಳಿದ್ದನ್ನೂ ಪರೀಕ್ಷೆಗೆ ಒಡ್ಡುವುದೇ ವಿಜ್ಞಾನ, ಅವರು ಬದುಕಿಡೀ ಮಾಡಿದ್ದೂ ಅದನ್ನೇ. ಮುಂದಿನ ಸಲ ಗಿಡದ ಹೃದಯದ ಸಂದೇಶ ಬಂದರೆ, ಬೋಸ್ ಮೇಲಿನ ಗೌರವಕ್ಕಾದರೂ ಇದನ್ನು ಅದರ ಜೊತೆಗೆ ಕಳಿಸಿ.